ಅಕ್ಕೋರ ಹಾಜರಿ

ಜೀವಶಾಸ್ತ್ರ ವಿಭಾಗದ ಆಫೀಸಿನ್ಯಾಗ ಗುಮಾಸ್ತ ಆದವ ನಗಾಕ ಬ್ಯಾರೆ ಕಡೆ ಹೋಗೂದು ಬ್ಯಾಡ್ರಿ. ಪ್ರವೇಶ ಸುರು ಆತಂದ್ರ ನಗಿ ತಾನಽ ಖಿಡಕಿಗೆ ಬಂದು ಅರ್ಜಿ ಕೇಳತೈತಿ. ಆದ್ರ ಒಬ್ಬರು ಅಕ್ಕೋರ ಮುಂದ ಮಾತ್ರ ನಾ ನಕ್ಕೋತನಽ ಕೈ ಮುಗದೇನಿ.

೧. ಮಗಳು ಎಲ್ಲಿ?

ಐವತ್ತೆರಡು ವರ್ಷದವರು, ಬೈರಿದೇವರಕೊಪ್ಪದಿಂದ ಬಂದಿದ್ರು. ಹೈಸ್ಕೂಲಿನ್ಯಾಗ ವಿಜ್ಞಾನ ಕಲಸಿ, ನೌಕರಿ ಬಿಟ್ಟವರು. "ಎಮ್ಮೆಸ್ಸಿ ಅರ್ಜಿ ಕೊಡ್ರಿ" ಅಂದ್ರು.

"ಮಗಳು ಎಲ್ಲದಾಳ್ರಿ? ಆಕಿನಽ ಬರಬೇಕು."

"ಮಗಳು ಹೊರಗ ಸ್ಕೂಟಿ ನಿಲ್ಲಸಾಕತ್ತಾಳ. ಕಲಿಯಾಕಿ ನಾನು. ಬಿ.ಎಸ್ಸಿ. ಆದಕೂಡ್ಲೆ ಕಲೀಬೇಕಂತಿದ್ದೆ, ಲಗ್ನ ಆತು. ಆ ಆಸೆ ಇನ್ನೂ ಹಂಗಽ ಐತಿ."

ಅಬಬಬಾ ಅನಿಸ್ತು. ಆದ್ರೂ ಹೇಳೂದು ನನ್ನ ಕೆಲಸ. "ಅಕ್ಕೋರ, ಈ ಕೋರ್ಸಿನ್ಯಾಗ ಪ್ರಬಂಧ ಇಲ್ಲ, ಅದರ ಬದ್ಲಿ ಎರಡು ಪೇಪರ್ ಜಾಸ್ತಿ. ಪ್ರಾಕ್ಟಿಕಲ್ ಬ್ಯಾರೆ. ಪ್ರತಿ ಪೇಪರಿಗೂ ನೂರಕ್ಕ ಎಪ್ಪತ್ತೈದು ಹಾಜರಿ ಬೇಕು, ಇಲ್ಲಾಂದ್ರ ಪರೀಕ್ಷಾಕ್ಕ ಕೂಡಸೂದಿಲ್ಲ."

"ಇಪ್ಪತ್ತೈದು ವರ್ಷ ಹಾಜರಿ ಕೂಗಿದಾಕಿಗೆ ಹಾಜರಿ ಕಲಸ್ತೀರೇನು?" ಅಂದ್ರು. ನಾ ಅರ್ಜಿ ಕೊಟ್ಟೆ.

೨. ಪಾಲಕರ ಸಹಿ

ಅರ್ಜಿಯೊಳಗ ಪಾಲಕರ ಸಹಿ ಅಂತ ಒಂದು ಕಲಂ ಐತಿ. "ಅದನ್ನ ಬಿಡ್ರಿ" ಅಂದೆ.

"ಯಾಕ ಬಿಡಲಿ? ಖಾಲಿ ಬಿಟ್ಟ ಹುಡುಗರಿಗೆ ನಾನಽ ಬೈದೇನಿ" ಅಂದು, ಮರುದಿವಸ ಎಂಬತ್ತು ದಾಟಿದ ತಾಯಿನ್ನ ಆಟೋದಾಗ ಕರಕೊಂಡು ಬಂದ್ರು. ಅವ್ವಾರು ಚಸ್ಮಾ ಏರಿಸಿ, ಒಂದೊಂದಽ ಅಕ್ಷರ ಕೂಡಿಸಿ ಸಹಿ ಮಾಡಿದ್ರು. ಆಮ್ಯಾಲೆ ನನಗಂದ್ರು: "ತಮ್ಮಾ, ಇಕಿ ಸರಿಯಾಗಿ ಓದದಿದ್ರ ನನಗೊಂದು ಕಾಗದ ಹಾಕು."

೩. ಕಾಗದ ಹಾಕಿದ್ದು

ಅವ್ವಾರ ಬಾಯಿಗುಣಾನೋ ಏನೋ, ಮೊದಲನೇ ಸೆಮಿಸ್ಟರ್ ಮುಗಿಯೂದ್ರಾಗ ಕಾಗದ ಹಾಕೂ ಪಾಳಿ ಬಂತು. ಉಳಿದವರು ಮಾರಿ ನೋಡಿ ಹಾಜರಿ ಹಾಕತಿದ್ರು, ಆದ್ರ ವಿಭಾಗದ ಮುಖ್ಯಸ್ಥರ ಪೇಪರಿನ್ಯಾಗ ಅಕ್ಕೋರ ಹಾಜರಿ ಸೊನ್ನಿ! ಹಾಲ್ ಟಿಕೆಟ್ ಬಂದ್, ಪಾಲಕರಿಗೆ ಕಾಗದ.

ದಿನಾ ಮುಂದಿನ ಬೆಂಚಿನ್ಯಾಗ ಅವರನ್ನ ನೋಡಾಂವ ನಾನು. ಮುಖ್ಯಸ್ಥ ಸಾಹೇಬ್ರಿಗೆ ಹೇಳಿದ್ರ, "ನಾ ರಿಜಿಸ್ಟರ್ ನೋಡಾಂವ, ಮಾರಿ ನೋಡಾಂವ ಅಲ್ಲ" ಅಂದ್ರು.

ಕಾಗದ ಮುಟ್ಟಿದ ಕೂಡ್ಲೆ ಅವ್ವಾರು, ಅಕ್ಕೋರು ಇಬ್ಬರೂ ಸಾಹೇಬ್ರ ಕಡೆ ಬಂದ್ರು. ಅಕ್ಕೋರ ಕಣ್ಣಾಗ ನೀರು. "ಸರ್, ನೀವು ನಂಬರ್ ಕೂಗಿದ ಕೂಡ್ಲೆ ಯಾರು ಬಂದಾರ, ಯಾರು ಬಂದಿಲ್ಲ ಅಂತ ನಾ ತಿರುಗಿ ನೋಡಿ ಬರಕೋತಿದ್ದೆ. ಹಳೇ ರೂಢಿ. ನನ್ನ ನಂಬರಿಗೆ ಓ ಅನ್ನೂದಽ ಮರತು ಹೋತು." ನೋಟ್‌ಬುಕ್ ಮುಂದಿಟ್ರು. ಇಡೀ ಕ್ಲಾಸಿನ ಹಾಜರಿ, ದಿನಾ ದಿನಾ, ಮುತ್ತಿನಂಥ ಅಕ್ಷರದಾಗ!

ಸಾಹೇಬ್ರು ಹುಡುಕಿದ್ರು. "ಇದರಾಗೂ ನಿಮ್ಮ ಹೆಸರಿಲ್ಲಲ್ರಿ!"

ಅವ್ವಾರು ಅಂದ್ರು: "ಅಲ್ಲೋ ಯಪ್ಪಾ, ಕ್ಲಾಸಿನ್ಯಾಗ ಇರಲಾರದಾಕಿ ಎಲ್ಲಾರ ಹಾಜರಿ ಹೆಂಗ ಹಾಕಿದ್ಲು?"

ಸಾಹೇಬ್ರು ಹಾಳಿ ತಿರುವಿದ್ರು. ಕಡೀ ಸಾಲಿನ್ಯಾಗ ಸಾಹೇಬ್ರದಽ ಹೆಸರು: ಐದು ದಿನ ಗೈರು, ಒಂಬತ್ತು ದಿನ ತಡ. ನೋಟ್‌ಬುಕ್ ಮುಚ್ಚಿದವರಽ ಹಾಲ್ ಟಿಕೆಟ್ಟಿಗೆ ಸಹಿ ಒತ್ತಿದ್ರು.

ಆದ್ರ ಬಾಗಿ ನೋಡಾಕತ್ತಿದ್ದ ಅವ್ವಾರು ಅಷ್ಟರಾಗ ಆ ಸಾಲು ಓದಿ ಮುಗಿಸಿದ್ರು. ನನ್ನ ಕಡೆ ತಿರುಗಿ ಕೇಳಿದ್ರು: "ತಮ್ಮಾ, ಇವರ ಪಾಲಕರಿಗೂ ಕಾಗದ ಹೋಗೇತೇನು?"