ಫ್ಯಾನಿನ ಕೆಳಗಿನ ಬೆಂಚು

ದೇವರ ಕೃಪೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ರಕ್ಷಣೆ ಪುಕ್ಕಟೆ, ನಾವು ಮಾಡಿದ ಒಳ್ಳೆಯ ಕೆಲಸಗಳಿಗೆ ಅದು ಕೂಲಿಯಾಗಿ ಬರುವುದಿಲ್ಲ ಎಂದು ಸಂಡೇ ಸ್ಕೂಲಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಮೇಷ್ಟ್ರೇ ನಾನು. ಆದರೆ ಆ ಪುಕ್ಕಟೆ ಮಾಲು ನನಗೆ ಸಿಕ್ಕಷ್ಟೇ ಸಲೀಸಾಗಿ ಪಕ್ಕದವನಿಗೂ ಸಿಗುತ್ತದೆ ಎನ್ನುವಲ್ಲಿಗೆ ಬಂದಾಗ ಮಾತ್ರ ಹೊಟ್ಟೆಯಲ್ಲಿ ಸಣ್ಣಗೆ ಉರಿ ಶುರುವಾಗುತ್ತದೆ. ಡಾಕ್ಟರು ಇದನ್ನು ಗ್ಯಾಸ್ಟ್ರಿಕ್ ಎನ್ನುತ್ತಾರೆ. ನನ್ನ ಹೆಂಡತಿ ಸುಗುಣಳಿಗೆ ಇದರ ಬೇರೆ ಹೆಸರು ಗೊತ್ತಿದೆ.

ಹಿರಿಯೂರಿನ ನಮ್ಮ ದೇವಾಲಯದಲ್ಲಿ ಫ್ಯಾನುಗಳು ಬೇಕಾದಷ್ಟಿವೆ, ನೆಟ್ಟಗೆ ತಿರುಗುವುದು ಒಂದೇ. ಅದರ ಕೆಳಗಿನ, ಒಬ್ಬರೇ ಕೂರುವಷ್ಟು ಗಿಡ್ಡ ಬೆಂಚು ನನ್ನದು. ಮೇಲೆ ಹೆಸರು ಬರೆಸಿಲ್ಲ, ಅಷ್ಟು ನಾಚಿಕೆ ಇನ್ನೂ ಉಳಿದಿದೆ. ಆದರೆ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆದು, ಕಸ ಗುಡಿಸಿ, ಪಾರಿವಾಳಗಳು ರಾತ್ರಿಯೆಲ್ಲ ಮಾಡಿಟ್ಟ ಹೊಲಸು ಒರೆಸಿ, ಗಂಟೆ ಹೊಡೆಯುವವನು ನಾನು. ಸ್ವರ್ಗದ ಮಾತು ಹೇಗೋ ಏನೋ, ಆ ಗಾಳಿಯನ್ನಂತೂ ದುಡಿದೇ ಸಂಪಾದಿಸಿದ್ದೇನೆ. ಏಪ್ರಿಲ್ ತಿಂಗಳಲ್ಲಿ ಹಿರಿಯೂರಿಗೆ ಬಂದವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ಹೀಗಿರುವಾಗ ಬಿರುಗಾಳಿಗೆ ಬಬ್ಬೂರು ಕಡೆಯ ಇನ್ನೊಂದು ಕ್ರೈಸ್ತ ಸಭೆಯ ಪ್ರಾರ್ಥನಾಮಂದಿರದ ತಗಡಿನ ಚಾವಣಿ ಹಾರಿಹೋಯಿತು. ಅವರಿಗೂ ನಮಗೂ ಅಷ್ಟಕ್ಕಷ್ಟೇ. ನಾವು ಹಣೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುವವರು, ಅವರು ಕಾಲುವೆಯಲ್ಲಿ ಪೂರ್ತಿ ಮುಳುಗಿಸುವವರು. ನಾವು ಕೂತು ತೂಕಡಿಸುತ್ತೇವೆ, ಅವರು ನಿಂತು ಚಪ್ಪಾಳೆ ತಟ್ಟುತ್ತಾರೆ. ನಮ್ಮನ್ನು ಒಣ ಕ್ರೈಸ್ತರು ಎಂದು ಆಡಿಕೊಳ್ಳುತ್ತಾರೆಂದೂ ನನಗೆ ಸುದ್ದಿ ಬಂದಿತ್ತು. ನಮ್ಮ ಸಭಾಪಾಲಕರಾದ ಅಯ್ಯನವರು ಮಾತ್ರ, "ಎಲ್ರೂ ಒಬ್ಬ ತಂದೆ ಮಕ್ಳೇ ಅಲ್ವೇನ್ರಿ? ಚಾವಣಿ ಆಗೋ ತನಕ ಇಲ್ಲಿಗೇ ಬರ್ಲಿ ಬಿಡ್ರಿ" ಎಂದುಬಿಟ್ಟರು. ಅಯ್ಯನವರಿಗೇನು, ಪೀಠದ ಪಕ್ಕ ಅವರಿಗೊಂದು ಟೇಬಲ್ ಫ್ಯಾನ್ ಇದೆ.

ಆ ಭಾನುವಾರ ಗಂಟೆ ಹೊಡೆದು ಒಳಗೆ ಬಂದರೆ ನನ್ನ ಜಾಗದಲ್ಲಿ ಆ ಸಭೆಯ ಆಟೋ ಸಂಜೀವ! ಹೋದ ತಿಂಗಳವರೆಗೆ ಸಂಜೆಯಾದರೆ ಬಾರಿನ ಮುಂದೆ ತನ್ನದೇ ಆಟೋದ ಹಿಂದಿನ ಸೀಟಿನಲ್ಲಿ ಉರುಳಿರುತ್ತಿದ್ದವನು, ಮೊನ್ನೆ ತಾನೇ ಕಾಲುವೆಯಲ್ಲಿ ಮುಳುಗೆದ್ದವನು, ಬಾಯಿ ತೆರೆದುಕೊಂಡು ಫ್ಯಾನನ್ನೇ ನೋಡುತ್ತ ಕೂತಿದ್ದ. ಪೊರಕೆ ಹಿಡಿದವನು ನಾನು, ಗಾಳಿ ತಿನ್ನುವವನು ಇವನು. ಬೇರೆ ದಾರಿಯಿಲ್ಲದೆ ಬಿಸಿಲಿಗೆ ಕಾದ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ಬೆಂದೆ. ಅಂದಿನ ಪ್ರಸಂಗವೂ ಕೃಪೆಯ ಮೇಲೆಯೇ ಇರಬೇಕೆ? "ನಿಮ್ ಗಳಿಕೆ ಇಲ್ಲಿ ನಡೆಯಲ್ಲ, ಕೊಟ್ಟಿದ್ದನ್ನ ಇಸ್ಕಳ್ಳೋದು ಅಷ್ಟೆ" ಎಂದರು ಅಯ್ಯನವರು. ಸಂಜೀವ ಗಟ್ಟಿಯಾಗಿ "ಆಮೆನ್!" ಎಂದ. ಅನ್ನದೆ ಏನು, ಗಾಳಿ ಅವನ ಕಡೆಗಿತ್ತು.

ಹಾಡಿಗೆ ಎದ್ದಾಗ ಅವನು ನನ್ನ ಒದ್ದೆ ಅಂಗಿ ನೋಡಿ ಹತ್ತಿರ ಬಂದ. "ಇಲ್ಲಿ ಯಾಕೆ ಬೇಯ್ತೀರ ಮೇಷ್ಟ್ರೇ? ಅಲ್ಲಿ ಹೋಗಿ ಕುಂತ್ಕಳ್ರಿ, ಗಾಳಿ ಚೆನ್ನಾಗೈತೆ."

"ಮತ್ತೆ ನೀನು?"

"ನಂದೇನ್ ಬಿಡ್ರಿ. ನಮ್ ಸಭೇಲಿ ಫ್ಯಾನೇ ಇರ್ಲಿಲ್ಲ."

ಬೇಡಪ್ಪ ಎನ್ನಬೇಕಿತ್ತು. ಎನ್ನುವಷ್ಟರಲ್ಲಿ ಕಾಲು ಆ ಕಡೆ ಹೊರಟಾಗಿತ್ತು. ಗಾಳಿ ನೆತ್ತಿಗೆ ತಾಗಿದಾಗ ನಿಜಕ್ಕೂ ಕಣ್ಣು ತುಂಬಿ ಬಂತು. ಆ ಜಾಗ ನನಗೆ ಬಿಟ್ಟಿಯಾಗಿ ಸಿಕ್ಕಿದ್ದು ಅದೇ ಮೊದಲು. ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದು ನನಗೇ ಆಗ ಅರ್ಥವಾಯಿತು, ಸಂಜೀವನ ಮೇಲೆ ಪ್ರೀತಿ ಉಕ್ಕಿತು.

ಅಷ್ಟರಲ್ಲಿ ಅವರ ಸಭೆಯ ಅಜ್ಜನೊಬ್ಬ ತಡವಾಗಿ ಬಂದು, ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಸೀದಾ ನನ್ನ ಪಕ್ಕವೇ ನಿಂತ. ನಾನು ತಕ್ಷಣ ತಲೆ ಬಾಗಿಸಿ, ಕಣ್ಣು ಮುಚ್ಚಿ, ಪ್ರಾರ್ಥನೆಗೆ ಇಳಿದೆ. ಅಜ್ಜ ಕೆಮ್ಮಿದ. ನಾನು ಇನ್ನೂ ಆಳಕ್ಕೆ ಇಳಿದೆ.

ಮನೆಗೆ ಬರುವಾಗ ಬೈಕಿನ ಹಿಂದೆ ಕೂತಿದ್ದ ಸುಗುಣ, "ಏನ್ರೀ, ಅಷ್ಟೊತ್ತು ಕಣ್ಣು ಮುಚ್ಕಂಡು ಏನ್ ಬೇಡ್ಕಂಡ್ರಿ?" ಎಂದು ಕೇಳಿದಳು.

"ಸಭೆಗಳ ಐಕ್ಯತೆಗೆ ಕಣೇ" ಎಂದೆ, ಹಿಂದಕ್ಕೆ ತಿರುಗದೆ.