ಕತ್ತಲ ಪೆಟ್ಟಿಗೆಯ ಹಳದಿ ಸಸಿಗಳು

ಕತ್ತಲಲ್ಲಿ ಸಸಿ ಬೆಳೆಸೋದು ನನ್ನ ಸಂಶೋಧನೆ ಅಂದರೆ ಈ ಕಡೆ ಜನ ಮೊದಲು ನನ್ನ ಮುಖ ನೋಡ್ತಾರೆ, ಆಮೇಲೆ ನಮ್ಮಪ್ಪನ ಹೆಸರು ಕೇಳ್ತಾರೆ.

ಬೆಳಕು ಬಿದ್ದರೆ ಸಸಿಯೊಳಗಿನ ಮೈಕ್ರೋಆರ್‌ಎನ್‌ಎ ಎಂಬ ಚೂರುಗಳು ಹೆಚ್ಚುಕಡಿಮೆ ಆಗ್ತವೆ. ಅದನ್ನು ಅಳೆಯೋಕೆ ಒಂದು ತಟ್ಟೆ ಸಸಿ ಬೆಳಕಲ್ಲಿ, ಇನ್ನೊಂದು ಪೂರ್ತಿ ಕತ್ತಲಲ್ಲಿ ಬೆಳೆಸಬೇಕು. ಶಿಕಾರಿಪುರದ ಕಾಲೇಜಲ್ಲಿ ಕರೆಂಟ್ ಹೋದಾಗ ಮಾತ್ರ ಕತ್ತಲು. ಹಾಗಾಗಿ ತಾಳಗುಂದದ ನನ್ನ ಬಾಡಿಗೆ ಕೋಣೆಯಲ್ಲೇ ಪೆಟ್ಟಿಗೆ ಇಟ್ಟೆ. ಎರಡು ಸಲ ಬೆಳೆಸಿದೆ; ಎರಡು ಸಲವೂ ಕತ್ತಲ ಸಸಿಗಳು ಬೆಳಕು ಕಂಡವುಗಳ ಲಕ್ಷಣವನ್ನೇ ತೋರಿಸಿದವು. "ಮೂರನೇ ಸಲವೂ ಹೀಗಾದ್ರೆ ಈ ವಿಷಯ ಬಿಟ್ಟುಬಿಡಮ್ಮ" ಅಂದರು ಗೈಡ್. ನನಗೆ ಊಟ ಸೇರಲಿಲ್ಲ.

1

ಮನೆ ಯಜಮಾನರಾದ ಅಜ್ಜ ಕೇಳಿದರು, "ಆ ಚೂರು ಏನ್ ಮಾಡ್ತದವ್ವ?"

"ಜೀನ್ ಹೇಳಿಕಳಿಸಿದ ಮಾತನ್ನ ದಾರೀಲೇ ತಡೀತದೆ, ಅಜ್ಜಾ."

"ಹಂಗಾದ್ರೆ ತೊಗರ್ಸಿ ದಾರಿಗೊಂದು ಹಾಕ್ಸು. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಅಲ್ಲಿರೋ ಬೀಗರ ಮನೆ ಮುಟ್ತದೆ."

2

ನನ್ನ ಸಸಿಗಳ ಜೊತೆ ಹೋಲಿಸೋಕೆ ಅಂತ ಉಳವಿಯ ರೈತರೊಬ್ಬರ ಮನೆಯಲ್ಲಿ ಕತ್ತಲಲ್ಲಿ ಬೆಳೆಸಿದ್ದ ಭತ್ತದ ಸಸಿಗಳ ಪೆಟ್ಟಿಗೆಗೆ ಕಪ್ಪು ಬಟ್ಟೆ ಸುತ್ತಿ ಬಸ್ಸಲ್ಲಿ ತರ್ತಿದ್ದೆ.

"ಏನ್ರೀ ಅದು? ಬಿಚ್ಚಿ ನೋಡಣ" ಅಂದ ಕಂಡಕ್ಟರ್.

"ಬೇಡ ಸಾರ್, ಎಳೇ ಸಸಿ. ಬೆಳಕು ಬಿದ್ರೆ ಹಾಳಾಗ್ತವೆ."

ಪಕ್ಕದ ಸೀಟಿನ ಮುದುಕಿ ಸಿಡಿದೆದ್ದಳು. "ಬಾಣಂತಿ ಕೋಣೆ ಬಾಗ್ಲು ತೆಗೀ ಅಂತಾರೇನೋ ಯಾರಾದ್ರೂ? ಟಿಕೆಟ್ ಹರ್ದು ಮುಂದಕ್ಕೆ ಹೋಗು!"

ತನ್ನ ಸೆರಗನ್ನೂ ಪೆಟ್ಟಿಗೆ ಮೇಲೆ ಹೊದಿಸಿದಳು. ಸೊರಬ ಬರೋವರೆಗೂ ಒಬ್ಬರಿಗೂ ಕಿಟಕಿ ತೆಗೆಯೋಕೆ ಬಿಡಲಿಲ್ಲ.

3

ಮೂರನೇ ಸಲ ಪೆಟ್ಟಿಗೆಯ ಸಂದುಗೊಂದಿಗೆಲ್ಲ ಕಪ್ಪು ಕಾಗದ ಮೆತ್ತಿದೆ. ಒಂದು ಸಂಜೆ ಕಾಲೇಜಿಂದ ಬೇಗ ಬಂದೆ. ಕೋಣೆ ತುಂಬ ಊದುಬತ್ತಿ ವಾಸನೆ! ಕಸ ಗುಡಿಸೋಕೆ ಅಂತ ಇನ್ನೊಂದು ಕೀಲಿ ಇಟ್ಟುಕೊಂಡಿದ್ದ ಮನೆ ಒಡತಿ ಅಜ್ಜಿ ಪೆಟ್ಟಿಗೆ ತೆರೆದು, ಮುಂದೆ ಎಣ್ಣೆ ದೀಪ ಇಟ್ಟು, ಕೈಮುಗಿದು ನಿಂತಿದ್ದಾರೆ. ತಟ್ಟೆಗೆ ಅರಿಶಿನ ಕುಂಕುಮ ಬೇರೆ.

"ಅಯ್ಯೋ ಅಜ್ಜಿ, ಏನ್ ಮಾಡ್ಬಿಟ್ರಿ!"

"ನವರಾತ್ರಿಗೆ ನಾವೂ ದೇವಿ ಅಂತ ಪೂಜೆ ಮಾಡೋ ಘಟದ ಸಸೀನ ಕತ್ತಲಲ್ಲಿಟ್ಟು ಹಿಂಗೇ ಹಳದಿ ಬೆಳೆಸ್ತೀವಲ್ಲ. ನೀನು ಘಟ ಕೂರಿಸಿ ದೀಪ ಹಚ್ಚದೇ ಹೋಗ್ತಿದ್ದಿ. ನಿಂಗೆ ವಿದ್ಯೆ ಹತ್ಲಿ ಅಂತ ನಾನೇ ಹಚ್ಚಿದೆ."

"ಹಿಂದಿನ ಎರಡು ಸಲಾನೂ?"

"ಒಂದಿನಾನೂ ತಪ್ಸಿಲ್ಲ!"

ಅಳಬೇಕೋ ನಗಬೇಕೋ ತಿಳಿಯದೆ ಗೈಡಿಗೆ ಫೋನ್ ಮಾಡಿ ದೀಪದ ಕಥೆ ಹೇಳಿದೆ. ಅವರು, "ಅಷ್ಟು ಸಣ್ಣ ಬೆಳಕಿಗೇ ಬದಲಾದವಾ? ದೀಪ ಎಷ್ಟು ಹೊತ್ತು ಉರೀತು, ಕೇಳು" ಅಂದರು. ಸದ್ಯ, ನನ್ನ ವಿಷಯ ಉಳಿಯಿತು!

ಈಗ ದೀಪದ ಬೆಳಕಿಗೇ ಬೇರೆ ಪೆಟ್ಟಿಗೆ ಇದೆ, ಅದು ಅಜ್ಜಿಯ ಉಸ್ತುವಾರಿ. ಕತ್ತಲ ಪೆಟ್ಟಿಗೆಗೆ ಬೀಗ ಜಡಿದಿದ್ದೇನೆ. ಅದಕ್ಕೇ ಅಜ್ಜಿಗೆ ನನ್ನ ಮೇಲೆ ಕೋಪ.

"ಒಂದು ದೇವ್ರಿಗೆ ದೀಪ, ಇನ್ನೊಂದು ದೇವ್ರಿಗೆ ಬೀಗನಾ? ಅದೇನ್ ಪಾಪ ಮಾಡಿತ್ತೇ?"