ನಾಯಿಮರಿಗಿಂತ ಮೊದಲು ಉಣ್ಣುವ ಮಾಮಾ

೧೯೭೪ನೆಯ ಇಸವಿ ಜುಲೈ ೭, ಭಾನುವಾರ. ಬರೆಯಲು ಕುಳಿತದ್ದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ. ಇದು ಪಡಸಾಲೆಯ ಗಡಿಯಾರದ ಲೆಕ್ಕ. ಅದರ ಎದುರಿಗಿರುವ ಗಡಿಯಾರದಲ್ಲಿ ಆಗಲೇ ಏಳೂವರೆ. ಅಡುಗೆಮನೆಯದು ನಿಂತು ತಿಂಗಳಾಯಿತು. ಗಡಿಯಾರ ರಿಪೇರಿ ಮಾಡುವವರ ಮನೆಯಲ್ಲಿ ಸರಿಯಾದ ವೇಳೆ ಸಿಗುತ್ತದೆಂದು ನಿಮಗೆ ಯಾರು ಹೇಳಿದರು?

ಇಡೀ ಸಿಂದಗಿಯಲ್ಲಿ, ನಾಯಿಗೆಂದು ಮಾಡಿದ ಅಡುಗೆಯನ್ನು ನಾಯಿಗಿಂತ ಮೊದಲು ಉಣ್ಣುವ ಮನುಷ್ಯ ಒಬ್ಬರೇ ಇದ್ದಾರೆ. ಬೇಕಾದರೆ ಇಂಡಿ, ಮುದ್ದೇಬಿಹಾಳಗಳನ್ನೂ ಸೇರಿಸಿ ಹುಡುಕಿರಿ, ಇನ್ನೊಬ್ಬರು ಸಿಕ್ಕಲಾರರು. ಆ ಒಬ್ಬರು ನಮ್ಮ ಮಾಮಾ, ಅಂದರೆ ಅವ್ವನ ಅಣ್ಣ. ಮದುವೆಯಾಗಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ಗೋಡೆಯ ಗಡಿಯಾರ ನಿಂತಿತ್ತಂತೆ. ಅದನ್ನು ಬಿಚ್ಚಿಕೊಂಡು ಕುಳಿತವರು, ಹೆಣ್ಣು ಚಹಾ ಕೊಟ್ಟು ಒಳಗೆ ಹೋದದ್ದನ್ನೂ ನೋಡಲಿಲ್ಲವಂತೆ! ಗಡಿಯಾರ ಮಾತ್ರ ಇಂದಿಗೂ ನಡೆಯುತ್ತಿದೆ ಎಂದು ಅವ್ವ ಹಲ್ಲು ಕಡಿಯುತ್ತ ಹೇಳುತ್ತಾಳೆ. ಅಂದಿನಿಂದ ಮಾಮಾ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದಾರೆ. ಬಜಾರಿನಲ್ಲಿ ಅವರದೊಂದು ಗಡಿಯಾರ ರಿಪೇರಿಯ ಸಣ್ಣ ಅಂಗಡಿ.

ಮೊದಲು ತಾನು ಎಂಬುದು ಅವರ ಹಳೆಯ ಚಟ. ಹೊಸ ಕೊಡದ ನೀರನ್ನು ಮೊದಲು ಅವರೇ ಕುಡಿಯಬೇಕು. ಹೊಸ ನುಲಿಮಂಚದ ಮೇಲೆ ಮೊದಲು ಅವರೇ ಮಲಗಬೇಕು. (ಒಮ್ಮೆ ನುಲಿ ಹರಿದು ನೆಲಕ್ಕೆ ಬಿದ್ದರು. "ನೋಡ್ರಿ, ನೀವು ಬೀಳತಿದ್ರಿ!" ಎಂದು ಬಿದ್ದಲ್ಲಿಂದಲೇ ಜಂಬ ಕೊಚ್ಚಿಕೊಂಡರು.) ಮನೆಗೆ ಬಂದ ಕಾರ್ಡು, ಯಾರ ಹೆಸರಿಗೇ ಇರಲಿ, ಮೊದಲು ಓದುವವರು ಅವರೇ. ನಾನೊಮ್ಮೆ ಸಿಟ್ಟು ಮಾಡಿದ್ದೆ.

"ಮಾಮಾ, ಅದು ನನ್ನ ಗೆಳತಿ ನನಗ ಬರದದ್ದು!"

"ಇರಲಿ ತಂಗಿ. ಕೆಟ್ಟ ಸುದ್ದಿ ಇದ್ರ ಮೊದಲ ನನಗ ತಾಗಲಿ."

ಇಂಥವರ ಕೈಗೆ ನಾಯಿಮರಿ ಸಿಕ್ಕಿತು! ಶಿವರಾತ್ರಿ ಮುಗಿದ ವಾರ ಕನ್ನೊಳ್ಳಿಗೆ ಯಾರದೋ ಗಡಿಯಾರ ನೋಡಲು ಹೋದವರು ಸಂಜೆಯ ಬಸ್ಸಿಗೆ ಮರಳಿದರು. ಚೀಲದಲ್ಲಿ ಸಾಮಾನುಗಳ ನಡುವೆ ಏನೋ ಕುಂಯ್ ಎಂದಿತು. ಕಂದು ಬಣ್ಣದ ಮರಿ, ಎಡಗಿವಿ ಮಾತ್ರ ಬಿಳಿ. ನೆಲಕ್ಕೆ ಬಿಟ್ಟದ್ದೇ ತಡ, ತನ್ನ ಬಾಲ ಹಿಡಿಯಲು ಗರಗರ ತಿರುಗಿತು.

"ಗಡಿಯಾರಕ್ಕ ತುಂಬ ಚಾವಿ ಕೊಟ್ಟಂಗ ಐತಲ್ಲ!" ಎಂದರು ಮಾಮಾ. ಹೆಸರು ಚಾವಿ ಎಂದೇ ನಿಂತಿತು.

ಅವ್ವ ಕೇಳಿದಳು, "ಇದಕ್ಕ ಏನ ಹಾಕಾಂವ ಯಣ್ಣಾ?"

ಓಣಿಯ ಜನ ಉತ್ತರ ಕೊಡಲು ತುದಿಗಾಲಲ್ಲಿ ನಿಂತಿದ್ದರು. ಎದುರು ಮನೆಯ ಅಜ್ಜಿ ಜೋಳದ ನುಚ್ಚು, ಮಜ್ಜಿಗೆ ಎಂದಳು. ಪಕ್ಕದ ಮನೆಯ ಮಾಸ್ತರರು ಆಕಳ ಹಾಲಲ್ಲಿ ಬ್ರೆಡ್ಡು ಎಂದರು. ಹಾಲು ತರುವವನು ಎಲುಬು, ಮಾಂಸ ಎಂದು ಬಾಯಿ ಬಿಟ್ಟದ್ದೇ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅದು ಈ ಹೊಸ್ತಿಲಾ ದಾಟಿ ಒಳಗ ಬಂತಂದ್ರ ನಾ ಹೊಸ್ತಿಲಾ ದಾಟಿ ಹೊರಗ ಹೋಗ್ತೇನಿ!"

ಮಾಮಾ ಎಲ್ಲರ ಮಾತನ್ನೂ ಕೇಳಿ ತೀರ್ಪು ಕೊಟ್ಟರು. "ಯಾರ ಮಾತೂ ನಂಬೂದು ಬ್ಯಾಡ. ಮೊದಲ ನಾ ತಿಂತೇನಿ. ನನ್ನ ಹೊಟ್ಟಿ ತಡದ್ರ ಅದರ ಹೊಟ್ಟಿ ತಡೀತೈತಿ."

ಮೊದಲ ದಿನ ನುಚ್ಚು, ಮಜ್ಜಿಗೆ ಉಂಡು ಬಾಗಿಲಲ್ಲಿ ಕುಳಿತರು. ಸಂಜೆಯವರೆಗೆ ಕಾಯಬೇಕಂತೆ! ಮರಿ ಹಸಿವಿನಿಂದ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಂಡಿತು. ಮಾಮಾ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ತಮ್ಮ ನಾಲಗೆಯನ್ನು ಕನ್ನಡಿಯೊಳಗೆ ನೋಡಿಕೊಳ್ಳುತ್ತಿದ್ದಾಗ, ಅದು ಬುಟ್ಟಿಯೊಳಗಿನ ರೊಟ್ಟಿ ಎಳೆದು ಅರ್ಧ ನುಂಗಿತು. ಮಾಮಾ ಹೌಹಾರಿದರು. "ಪರೀಕ್ಷಾ ಆಗಲಾರದ ರೊಟ್ಟಿ!" ಎಂದು ಕೂಗಿ, ಮರಿಯ ಬಾಯಿಂದ ಉಳಿದರ್ಧ ಕಸಿದು ತಾವೇ ತಿಂದುಬಿಟ್ಟರು.

"ನಾಯಿ ಎಂಜಲಾ ತಿಂದಿ!" ಎಂದು ಅವ್ವ ಹಣೆ ಹಣೆ ಬಡಿದುಕೊಂಡಳು.

"ಎಂಜಲಾ ಅಲ್ಲ ತಂಗಿ, ಶ್ಯಾಂಪಲ್!"

ಹಲ್ಲು ಬರುವ ಕಾಲಕ್ಕೆ ಮರಿ ಚಪ್ಪಲಿ ಕಡಿಯತೊಡಗಿತು. ಎಲುಬಿಗೆ ನಮ್ಮಲ್ಲಿ ದಾರಿಯಿಲ್ಲ. ಅದರ ಬದಲು ಕಬ್ಬಿನ ತುಂಡು ಆಗಬಹುದೆಂದು ಮಾಮಾ ಲೆಕ್ಕ ಹಾಕಿದರು. ಪರೀಕ್ಷೆ? ಮೊದಲು ಅವರದೇ ಹಲ್ಲು! ಗೆಣ್ಣಿನ ಹತ್ತಿರ ಕಡಿದದ್ದೇ ಕಟ್ ಎಂದಿತು. ಕಬ್ಬಲ್ಲ, ಹಲ್ಲು. ಅದೇ ವಾರ ಚಾವಿಗೆ ಮುಂದಿನ ಹಲ್ಲೊಂದು ಹೊಸದಾಗಿ ಮೂಡಿತ್ತು. ಮಾಮಾ ಊದಿದ ಗಲ್ಲದಲ್ಲೇ ಸಮಾಧಾನ ಹೇಳಿದರು: "ನನ್ನದೊಂದು ಹೋತು, ಅದಕ್ಕೊಂದು ಬಂತು. ಮನ್ಯಾಗಿನ ಹಲ್ಲಿನ ಲೆಕ್ಕ ಇದ್ದಷ್ಟ ಐತಿ."

ಹೊಟ್ಟೆಯ ಜಂತುಹುಳಕ್ಕೆ ಔಡಲೆಣ್ಣೆ ಒಳ್ಳೆಯದೆಂದು ಯಾರೋ ಹೇಳಿದ ಕಥೆಯನ್ನು ಪೂರ್ತಿ ಬರೆಯುವುದಿಲ್ಲ. ಮರುದಿನ ಅಂಗಡಿ ತೆರೆಯಲಿಲ್ಲ ಎಂದರೆ ಸಾಕು. ಗಿರಾಕಿಗಳು ಮನೆಗೇ ಬಂದರು. ಅವ್ವ ಬಾಗಿಲಲ್ಲಿ ನಿಂತು ಹೇಳಿದಳು, "ನಾಯಿಗಿ ಔಷಧ ಕೊಟ್ಟೇವ್ರಿ, ಅದಕ್ಕ ನಮ್ಮಣ್ಣ ಹಿತ್ತಲದಾಗ ಅದಾನ!"

ಒಮ್ಮೆ ಪಾಸಾದ ಪದಾರ್ಥಕ್ಕೂ ಬಿಡುಗಡೆ ಇರಲಿಲ್ಲ. ದಿನಾ ಮೊದಲ ತುತ್ತು ಅವರದು. ಅವರ ಬಾಯಿಗೆ ಹೋಗದ್ದು ಚಾವಿಯ ತಾಟಿಗೆ ಹೋಗುವಂತಿಲ್ಲ. ನಾವು ಪ್ರೀತಿಯಿಂದ ಒಂದು ಚೂರು ಎಸೆದರೂ ಮಾಮಾ ಎದ್ದು ನಿಲ್ಲುತ್ತಿದ್ದರು. ನಾನು ಈ ಎಲ್ಲವನ್ನೂ ತಾರೀಖು ಹಾಕಿ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಯಾಕೆ ಎಂದು ಕೇಳಬೇಡಿ. ಇಂಥ ಮನೆಯಲ್ಲಿ ಬರೆಯದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಬೇಸಿಗೆ ಬಂತು. ನಮ್ಮ ಕಡೆಯ ಬಿಸಿಲಿನ ಬಗ್ಗೆ ನಾನೇನು ಹೇಳಲಿ, ಮಧ್ಯಾಹ್ನ ಕಾಗೆಯೂ ಕೂಗುವುದಿಲ್ಲ. ಝಳ ಬಡಿಯಬಾರದೆಂದು ಇಲ್ಲಿಯ ಗಂಡಸರು ಅಂಗಿಯ ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ (ಕೆಲವರ ಬಾಯಲ್ಲಿ ಈರುಳ್ಳಿ) ಇಟ್ಟುಕೊಂಡು ಹೊರಬೀಳುತ್ತಾರೆ. ಮಾಮಾ ಎರಡೂ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆ! ಉಳ್ಳಾಗಡ್ಡಿ ಅವರಿಗೆ ಪ್ರಾಣ. ರೊಟ್ಟಿಯ ಪಕ್ಕದಲ್ಲಿಟ್ಟು ಮುಷ್ಟಿಯಿಂದ ಒಂದು ಗುದ್ದು ಗುದ್ದಿ, ಅದು ಒಡೆದು ಘಾಟು ಮೂಗಿಗೇರಿದ ಮೇಲೆಯೇ ಅವರ ಊಟ ಶುರು. ಹೋಳಿಗೆಯ ದಿನವೂ ಕದ್ದು ಒಂದು ತುಣುಕು ಕಡಿಯುವವರು.

ಚಾವಿಗೆ ಕಿಸೆ ಎಲ್ಲಿದೆ? ಮಾಮಾ ದಾರ ಪೋಣಿಸಿ ಅದರ ಕೊರಳಿಗೆ ಒಂದು ಉಳ್ಳಾಗಡ್ಡಿ ಕಟ್ಟಿದರು. ಓಣಿಯೆಲ್ಲ ನಕ್ಕಿತು. ಸಂಜೆಗೆ ದಾರ ಮಾತ್ರ ಉಳಿದಿತ್ತು. "ನೋಡ್ರಿ, ಹೊರಗ ಕಟ್ಟೂಕಿಂತ ಒಳಗ ಇಡೂದು ಛಲೋ ಅಂತ ಅದಕ್ಕ ತಿಳೀತು!" ಎಂದು ಅಂಗಡಿಗೆ ಬಂದವರಿಗೆಲ್ಲ ಸಾರಿದರು. ಅಂದಿನಿಂದ ರೊಟ್ಟಿ, ಮೊಸರಿನ ಜೊತೆ ಹೆಚ್ಚಿದ ಉಳ್ಳಾಗಡ್ಡಿ. ಒಂದು ತುತ್ತು ಮಾಮಾನಿಗೆ, ಒಂದು ತುತ್ತು ಚಾವಿಗೆ.

ಮೇ ತಿಂಗಳಲ್ಲಿ ಚಾವಿ ತಿರುಗುವುದು ನಿಂತಿತು. ಕರೆದರೆ ಬಾಲ ಒಮ್ಮೆ ನೆಲಕ್ಕೆ ಬಡಿದು ಸುಮ್ಮನಾಗುತ್ತಿತ್ತು. ಕೆಂಪಗಿದ್ದ ಒಸಡು ಸುಣ್ಣದಂತಾಯಿತು. ಉಚ್ಚೆ ಕರಿ ಚಹಾದಂತೆ. ಮಾಮಾ ಅದರ ಎದೆಗೆ ಕಿವಿ ಹಚ್ಚಿ ಕುಳಿತರು, ಗಿರಾಕಿಯ ಗಡಿಯಾರಕ್ಕೆ ಹಚ್ಚುವಂತೆ. "ಭಾಳ ಜೋರ ನಡದೈತಿ," ಎಂದರು. ಆಮೇಲೆ ನಮ್ಮೆಲ್ಲರ ಮುಖ ನೋಡಿ ಕೇಳಿದರು, "ನಾ ತಿಂದದ್ದ ತಿಂದೈತಿ. ನನಗ ಯಾಕ ಏನೂ ಆಗಿಲ್ಲ?"

ಅವ್ವ ಮರಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟಳು.

ದನದ ದವಾಖಾನೆಯ ಡಾಕ್ಟರರು ಒಸಡು ಒತ್ತಿ ನೋಡಿದರು. "ರಕ್ತ ಕಡಿಮಿ ಆಗೇತ್ರಿ. ಯಾಕಂತ ತಿಳೀವಲ್ದು. ನಾ ಎತ್ತು, ಎಮ್ಮಿ ನೋಡಾಂವ. ಬಿಸಲಿಗೆ ಇದ್ರೂ ಇರಬಹುದು," ಎಂದು ಒಂದು ಟಾನಿಕ್ಕು ಕೊಟ್ಟರು. ಬಿಸಿಲು ಎಂದದ್ದೇ ಸಾಕಾಯಿತು! ಮಾಮಾ ಮರುದಿನದಿಂದ ಉಳ್ಳಾಗಡ್ಡಿಯನ್ನು ಇಮ್ಮಡಿ ಮಾಡಿದರು. ಚಾವಿ ಏಳುವುದನ್ನೂ ಬಿಟ್ಟಿತು.

ಒಂದು ಮುಂಜಾನೆ ಮಾಮಾ ಯಾರಿಗೂ ಹೇಳದೆ ಬಸ್ಸು ಹತ್ತಿ ಬಸವನ ಬಾಗೇವಾಡಿಗೆ ಹೋದರು. ಮಧ್ಯಾಹ್ನ ಮರಳಿ, ಕೈಕಾಲು ತೊಳೆದು ತಾಟಿನ ಮುಂದೆ ಕುಳಿತರು. ಅವ್ವ ಎಂದಿನಂತೆ ರೊಟ್ಟಿಯ ಪಕ್ಕ ಉಳ್ಳಾಗಡ್ಡಿ ಇಟ್ಟಳು. ಮಾಮಾ ಅದನ್ನು ಎತ್ತಿ ಕೆಳಗಿಟ್ಟರು.

"ಯಾಕ ಯಣ್ಣಾ, ಕೊಳತೈತೇನು?"

"ಬಿಟ್ಟೇನಿ."

"ಏನ ಬಿಟ್ಟಿ?"

"ಉಳ್ಳಾಗಡ್ಡಿ ಬಿಟ್ಟೇನಿ. ಬಸವಣ್ಣನ ಮುಂದ ಹೇಳಿ ಬಂದೇನಿ. ಚಾವಿ ಒಂದ ಉಳೀಲಿ, ನಾ ಇರೂತನಕಾ ಬಾಯಾಗ ಹಾಕಂಗಿಲ್ಲ."

ಅವ್ವನ ಕೈಯಲ್ಲಿಯ ಸವುಟು ಅಲ್ಲೇ ನಿಂತಿತು. ದೇವರಿಗೆ ಇಷ್ಟದ ಪದಾರ್ಥ ಬಿಡುವ ರೂಢಿ ನಮ್ಮಲ್ಲಿಯೂ ಇದೆ. ಆದರೆ ಬಿಡುವವರು ಜಾಣರು. ನಮ್ಮ ಅಪ್ಪ ಕಾಶಿಯಲ್ಲಿ ಹಾಗಲಕಾಯಿ ಬಿಟ್ಟು ಬಂದರು. ಹುಟ್ಟಿದಾಗಿನಿಂದ ಅವರು ಅದನ್ನು ಮುಟ್ಟಿದವರಲ್ಲ! ನಿಜವಾಗಿಯೂ ಇಷ್ಟದ್ದನ್ನೇ ಬಿಡುವ ದಡ್ಡತನ ನಮ್ಮ ಮಾಮಾನಿಗೇ ಬರಬೇಕು.

ಚಾವಿ ಉಳಿಯಿತು. ಮೊದಲು ತಲೆ ಎತ್ತಿತು, ಆಮೇಲೆ ಮಜ್ಜಿಗೆ ನೆಕ್ಕಿತು. ಜೂನ್ ಅರ್ಧದಲ್ಲಿ ಒಸಡು ಗುಲಾಬಿಯಾಯಿತು. ಮೊನ್ನೆ ಗುರುವಾರ, ನಾಲ್ಕನೆಯ ತಾರೀಖು, ನನ್ನ ಎಡಗಾಲಿನ ಚಪ್ಪಲಿ ಹರಿಯಿತು. ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ.

"ಬಸವಣ್ಣ ಕೇಳಿದಾ!" ಎಂದು ಮಾಮಾ ಓಣಿಗೆಲ್ಲ ಸಕ್ಕರೆ ಹಂಚಿದರು. ಸಕ್ಕರೆಯನ್ನೂ ಮೊದಲು ತಾವೇ ಬಾಯಿಗೆ ಹಾಕಿಕೊಂಡು!

ಬಸವಣ್ಣನ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಒಂದು ಮಾತು ತಲೆಯಲ್ಲಿ ಕುಳಿತಿದೆ. ಮಾಮಾನ ಬಾಯಿಗೆ ಹೋಗದ್ದು ಚಾವಿಯ ತಾಟಿಗೆ ಹೋಗುವಂತಿಲ್ಲ, ಅಲ್ಲವೇ? ಮಾಮಾ ಉಳ್ಳಾಗಡ್ಡಿ ಬಿಟ್ಟ ದಿನವೇ ಚಾವಿಗೂ ಅದು ನಿಂತಿತು. ನಿಂತ ಮೇಲೆಯೇ ಅದು ಎದ್ದದ್ದು. ಹಾಗಾದರೆ ಮನುಷ್ಯನಿಗೆ ಆಗಿಬಂದದ್ದು ನಾಯಿಗೆ ಆಗುವುದಿಲ್ಲವೇ? ನಮ್ಮೂರಲ್ಲಿ ಕೇಳಿದವರೆಲ್ಲ ನಕ್ಕರು.

ನಿನ್ನೆ ಮಧ್ಯಾಹ್ನ ಹೇಳಿಯೇ ಬಿಡೋಣವೆಂದು ಮಾಮಾನ ಎದುರು ಕುಳಿತೆ. ಅಪ್ಪ ಉಳ್ಳಾಗಡ್ಡಿ ಗುದ್ದಿದರು. ಘಾಟು ಬಂತು. ಮಾಮಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಮುಖವನ್ನು ಸ್ವಲ್ಪ ಆ ಕಡೆ ತಿರುಗಿಸಿ, ಒಮ್ಮೆ ಉದ್ದಕ್ಕೆ ಉಸಿರೆಳೆದುಕೊಂಡರು. ಬರೀ ಉಸಿರು, ಅಷ್ಟೇ. ಹರಕೆಯಲ್ಲಿ ಮೂಗಿನ ಮಾತು ಬಂದಿರಲಿಲ್ಲ. ಆಮೇಲೆ ಮೊದಲ ತುತ್ತು ಬಾಯಿಗೆ ಹಾಕಿ, ನುಂಗಿ, ಸ್ವಲ್ಪ ಹೊತ್ತು ಕಾದು, ತೊಡೆಗೆ ಒರಗಿದ್ದ ಚಾವಿಗೆ ಎರಡನೆಯ ತುತ್ತು ಕೊಟ್ಟರು.

"ಮಾಮಾ..." ಎಂದೆ.

"ಏನ ತಂಗಿ?"

ಹೇಳಿದರೆ ಅವರ ಉಳ್ಳಾಗಡ್ಡಿ ಅವರಿಗೆ ಮರಳಿ ಸಿಗಬಹುದು. ಆದರೆ ಕೆಡುಕು ಬಂದರೆ ಮೊದಲು ತನಗೇ ತಾಗಲೆಂದು ದಿನಾ ಮೊದಲ ತುತ್ತು ನುಂಗಿದ ಮನುಷ್ಯನಿಗೆ, ಅವರ ಕೈಯಿಂದಲೇ ಚಾವಿಗೆ ಹೋದ ಎರಡನೆಯ ತುತ್ತಿನ ಬಗ್ಗೆ ಹೇಗೆ ಹೇಳುವುದು?

"ಏನಿಲ್ಲ. ಇನ್ನೊಂದು ರೊಟ್ಟಿ ಹಾಕಲೇನ್ರಿ?" ಎಂದೆ.

ನಾಯಿಗೆ ಉಳ್ಳಾಗಡ್ಡಿ ಆಗುತ್ತದೆಯೋ ಇಲ್ಲವೋ, ಖಚಿತವಾಗಿ ಬಲ್ಲವರು ಓದುಗರಲ್ಲಿದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿರಿ. ಮಾಮಾ ಪತ್ರಿಕೆ ಓದುವವರಲ್ಲ, ಆ ಭಯವಿಲ್ಲ. ಆದರೆ ಕಾರ್ಡಿನಲ್ಲಿ ಮಾತ್ರ ಬರೆಯಬೇಡಿ. ಲಕೋಟೆಯಲ್ಲಿ ಬರೆದು, ಅಂಟು ಗಟ್ಟಿಯಾಗಿ ಹಚ್ಚಿ ಕಳಿಸಿರಿ. ಈ ಒಂದು ಸುದ್ದಿ ಮೊದಲು ನನಗೇ ತಾಗಲಿ.